ಮನೆಮಾತು: ಅಡ್ಡಹೆಸರಿನ ಅರ್ಥ

ಹೋದ ಸಂಚಿಕೆಯಲ್ಲಿ ಗಾದೆಗಳ ವಿಚಾರವಾಗಿ ನಾಲ್ಕು ಮಾತು ಬರೆದಿದ್ದೆವು. ಈ ಸಲ ಒಗಟುಗಳನ್ನು ಕುರಿತು ಬರೆಯುವುದಾಗಿ ವಾಚಕರಿಗೆ ಹೇಳಿಯೂ ಇದ್ದೆವು. ಆ ಮಾತು ನಡೆಯಲಿಲ್ಲ, ವಾಚಕರು ಮನ್ನಿಸಬೇಕು. ಬಿಡಿಸಲಾರದ ಒಗಟೊಂದು ನಮ್ಮ ಮನೆಗೇ ಬಂದು ಕುಳಿತಿರುವಾಗ ಊರವರ ಒಗಟನ್ನು ಬಿಡಿಸಲು ಹೊರಡುವುದು ಸರಿಯಲ್ಲವೆಂದು ತೋರಿತು.

ಸಂಗತಿ ಇಷ್ಟು. ಈ ವರ್ಷ ನಮಗೆ ಎರಡನೆಯ ಮಗು ಹುಟ್ಟಿತು, ಗಂಡು. ತೊಟ್ಟಿಲಿಗೆ ಹಾಕಿ ಹೆಸರಿಟ್ಟದ್ದೂ ಆಯಿತು. ಇನ್ನು ಉಳಿದದ್ದು ಆ ಹೆಸರನ್ನು ಜನನದ ದಾಖಲೆಯಲ್ಲಿ ಸೇರಿಸುವುದು. ಮಹಾರಾಷ್ಟ್ರದಲ್ಲಿ ಈಗ ಹೆಸರು ಬರೆಯುವ ಕ್ರಮ ನಾಲ್ಕು ಚೌಕದ್ದು: ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಇದರಲ್ಲಿ ತಾಯಿಯ ಹೆಸರಿನ ಚೌಕ ಹೊಸದು; 2024ರ ಮೇ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸರ್ಕಾರಿ ಕಾಗದಗಳಲ್ಲಿ ಅದು ಕಡ್ಡಾಯವಾಗಿದೆ. ಮೊದಲ ಮೂರು ಚೌಕಗಳನ್ನು ನಾವು ಒಂದೇ ಉಸಿರಿಗೆ ತುಂಬಿದೆವು. ನಾಲ್ಕನೆಯದರ ಮುಂದೆ ಲೇಖನಿ ನಿಂತಿತು. ನಮಗೆ ಅಡ್ಡಹೆಸರಿಲ್ಲ.

ನಾವು ತುಮಕೂರು ಜಿಲ್ಲೆಯ ತುರುವೇಕೆರೆಯವರು. ಹಳೆಯ ಮೈಸೂರಿನ ಪದ್ಧತಿಯಂತೆ ನಮ್ಮ ಹೆಸರಿನ ಮುಂದೆ ಎರಡು ಅಕ್ಷರಗಳಿವೆ. ಒಂದು ಊರಿನದು, ಇನ್ನೊಂದು ತಂದೆಯವರದು. ಹೆಸರಿನ ಹಿಂದೆ ಏನೂ ಇಲ್ಲ. ನಮ್ಮ ಮನೆಯವರು ಧಾರವಾಡದ ಕಡೆಯವರು. ಅವರ ತೌರಿನ ಅಡ್ಡಹೆಸರು ಬೆಲ್ಲದ. ಅರ್ಜಿಯ ಮುಂದೆ ನಾವು ತಲೆ ಕೆರೆದುಕೊಳ್ಳುತ್ತಿರುವುದನ್ನು ನೋಡಿ ಅವರು, "ನಮ್ಮ ಹೆಸರು ಬರೀರಲ್ಲ, ಬಾಯಿ ಆದರೂ ಸಿಹಿ ಆಗತದ. ನಿಮ್ಮ ಮನ್ಯಾಗ ಹೆಸರೂ ಇಲ್ಲ, ಬೆಲ್ಲನೂ ಇಲ್ಲ" ಎಂದು ನಕ್ಕರು. ಡಬ್ಬಿಯಲ್ಲಿ ಬೆಲ್ಲ ಮುಗಿದು ಎರಡು ದಿನವಾಗಿದ್ದುದು ಆ ಮಾತಿನಿಂದಲೇ ನಮಗೆ ತಿಳಿಯಿತು.

ನಗುವುದಕ್ಕೇನೋ ಚೆನ್ನ. ಆದರೆ ಮೊದಲನೆಯ ಮಗಳ ವಿಷಯದಲ್ಲಿ ನಾವು ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. ಅವಳ ಜನನದ ದಾಖಲೆಯಲ್ಲಿ ಅಡ್ಡಹೆಸರಿನ ಜಾಗಕ್ಕೆ ನಮ್ಮ ಸ್ವಂತ ಹೆಸರು ಬಿದ್ದಿತು. ಆಧಾರ್ ಚೀಟಿಯಲ್ಲಿ ಎರಡು ಇನಿಶಿಯಲ್ಲುಗಳು ಬಂದುವು. ಶಾಲೆಯವರು ಮೊದಲ ಇನಿಶಿಯಲ್ಲನ್ನು ಬಿಡಿಸಿ ಊರಿನ ಹೆಸರನ್ನು ಹಾಕಿಕೊಂಡರು. ಹೀಗೆ ಮೂರು ಕಾಗದಗಳಲ್ಲಿ ಮೂರು ಹುಡುಗಿಯರಾದರು. ಊಟಕ್ಕೆ ಕೂಡುವವಳು ಮಾತ್ರ ಒಬ್ಬಳೇ. ಈಗ ತಮ್ಮನಿಗೆ ನಾಲ್ಕನೆಯ ತರಹದ ಹೆಸರು ಬಂದರೆ ಇವರು ಅಕ್ಕತಮ್ಮಂದಿರೆಂದು ನಾಳೆ ಯಾರು ನಂಬಬೇಕು?

ಕನ್ನಡಿಗರಲ್ಲಿ ಈ ತೊಡಕು ಬರುವುದು ಏಕೆಂದರೆ, ಕನ್ನಡಿಗರು ಹೆಸರು ಬರೆಯುವ ರೀತಿ ಒಂದಲ್ಲ. 1956ರ ನವೆಂಬರ್ 1ಕ್ಕೆ ಮೊದಲು ನಾವು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದೆವಷ್ಟೆ? ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡದವರು ಮುಂಬಯಿ ಪ್ರಾಂತದ ಕಚೇರಿಗಳ ರೀತಿಯಂತೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆದರು. ಮೈಸೂರಿನವರು ಊರು, ತಂದೆ, ತಾನು ಎಂದು ಬರೆದರು. ಒಂದು ಉದಾಹರಣೆ ಹೇಳುತ್ತೇವೆ. ಡಿ. ವಿ. ಗುಂಡಪ್ಪನವರ ಹೆಸರಿನ ಮೊದಲ ಅಕ್ಷರವೂ ದ. ರಾ. ಬೇಂದ್ರೆಯವರ ಹೆಸರಿನ ಮೊದಲ ಅಕ್ಷರವೂ ಇಂಗ್ಲಿಷಿನಲ್ಲಿ ಒಂದೇ, 'ಡಿ'. ಬೇಂದ್ರೆಯವರ 'ಡಿ' ದತ್ತಾತ್ರೇಯ. ಅದು ಅವರ ಸ್ವಂತ ಹೆಸರು. ಗುಂಡಪ್ಪನವರ 'ಡಿ' ದೇವನಹಳ್ಳಿ, ಅದು ಊರು. ಒಬ್ಬರು ತಮ್ಮ ಹೆಸರನ್ನು ಅಕ್ಷರದೊಳಗೆ ಮಡಿಚಿಟ್ಟು ಮನೆತನವನ್ನು ಬಿಡಿಸಿ ತೋರಿಸಿದರು; ಮತ್ತೊಬ್ಬರು ಊರನ್ನು ಮಡಿಚಿಟ್ಟು ತಮ್ಮನ್ನು ತೋರಿಸಿದರು. ಅರ್ಜಿಯ ಚೌಕಗಳಿಗೆ ಈ ಭೇದ ತಿಳಿಯುವುದಿಲ್ಲ.

ಒಂದೇ ಊರಿನ ಹೆಸರು ಎರಡು ಕಡೆಗೂ ನಿಂತಿರುವುದುಂಟು. ಮೂಲ್ಕಿಯ ಬಳಿ ಕಾರ್ನಾಡು ಎಂಬ ಊರಿದೆ. ಸ್ವಾತಂತ್ರ್ಯ ಹೋರಾಟದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಮಂಗಳೂರಿನ ಕಾರ್ನಾಡ ಸದಾಶಿವರಾಯರ (1881–1937) ಹೆಸರಿನಲ್ಲಿ ಊರು ಮುಂದೆ ನಡೆಯಿತು. ನಮ್ಮ ಮುಂಬಯಿಯ ಸಮೀಪದ ಮಾಥೇರಾನಿನಲ್ಲಿ 1938ರಲ್ಲಿ ಹುಟ್ಟಿದ ಗಿರೀಶ ಕಾರ್ನಾಡರ ಹೆಸರಿನಲ್ಲಿ ಅದೇ ಊರು ಹಿಂದೆ ನಡೆಯಿತು. ಊರು ಒಂದೇ, ನಿಂತ ಜಾಗ ಬೇರೆ.

ಈ ಯೋಚನೆಯಲ್ಲಿಯೇ ಒಂದು ಶನಿವಾರ ಗ್ರ್ಯಾಂಟ್ ರೋಡಿಗೆ ಹೋಗಬೇಕಾಯಿತು. ನಿಲ್ದಾಣದ ಫಲಕವನ್ನು ನೋಡುತ್ತ ನಿಂತಾಗ ಬಿ.ಎ. ತರಗತಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳಿದ ಮಾತು ನೆನಪಿಗೆ ಬಂದಿತು. ಗ್ರ್ಯಾಂಟ್ ಎಂಬುದು ಮೂಲದಲ್ಲಿ ಇಂಗ್ಲಿಷ್ ಹೆಸರೇ ಅಲ್ಲವಂತೆ. ಅದು ಫ್ರೆಂಚ್ ಭಾಷೆಯ 'ಗ್ರಾಂ', ಎಂದರೆ ದೊಡ್ಡವನು, ಎತ್ತರದವನು. ಮುಂಬಯಿಯ ಗವರ್ನರನಾಗಿದ್ದ (1835–1838) ರಾಬರ್ಟ್ ಗ್ರ್ಯಾಂಟ್ ಸಾಹೇಬನ ಹೆಸರಿನ ರಸ್ತೆ ಇದು. ಕನ್ನಡದಲ್ಲಿ ಹೇಳುವುದಾದರೆ ನಾವು ದೊಡ್ಡಯ್ಯನ ರಸ್ತೆಯಲ್ಲಿ ನಿಂತಿದ್ದೆವು!

ಹಾಗೆಯೇ ನೋಡುತ್ತ ಹೋದರೆ ಮುಂಬಯಿಯ ತುಂಬ ಇಂಥ ಹೆಸರುಗಳೇ. ಅದೇ ನಿಲ್ದಾಣದ ಪಕ್ಕದ ಸೇತುವೆ ಫ್ರಿಯರ್ ಬ್ರಿಜ್ಜು. ಬಾರ್ಟ್ಲ್ ಫ್ರಿಯರ್ 1862ರಿಂದ 1867ರ ವರೆಗೆ ಗವರ್ನರನಾಗಿದ್ದು ಕೋಟೆಯ ಗೋಡೆಗಳನ್ನು ಕೆಡವಿಸಿದವನು. ಅವನ ಹೆಸರು ಫ್ರೆಂಚಿನ 'ಫ್ರೇರ್', ಅಣ್ಣತಮ್ಮ ಎಂದರ್ಥ. ನಾಗಪಾಡಾದ ಕಡೆಯ ಬೆಲಾಸಿಸ್ ರಸ್ತೆ ಈಗ ಜಹಾಂಗೀರ್ ಬೊಮನ್ ಬೆಹರಾಮ್ ಮಾರ್ಗವಾಗಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರು ಹೋಗಿಲ್ಲ. 'ಬೆಲ್ ಅಸ್ಸಿಸ್' ಎಂದರೆ ಚೆನ್ನಾಗಿ ನೆಲೆಗೊಂಡ ಜಾಗ. ಫ್ರಿಯರ್ ಸಾಹೇಬನ ಅನಂತರ ಬಂದ ಗವರ್ನರನ ಹೆಸರಿನಲ್ಲಿ ಸೀಮೋರ್ ಎಂಬುದೂ ಇದ್ದಿತು, ಫಿಟ್ಸ್‌ಜೆರಾಲ್ಡ್ ಎಂಬುದೂ ಇದ್ದಿತು. ಸೀಮೋರ್ ಎಂಬುದು ಸಂತ ಮೋರ್ ಎಂಬ ಊರಿನ ಹೆಸರು ಸವೆದು ಉಳಿದದ್ದು. 'ಫಿಟ್ಸ್' ಎಂದರೆ ಹಳೆಯ ಫ್ರೆಂಚಿನಲ್ಲಿ ಮಗ. ಜೆರಾಲ್ಡನ ಮಗ ಫಿಟ್ಸ್‌ಜೆರಾಲ್ಡ್. ನಮ್ಮ ಹೆಸರಿನ ಎರಡನೆಯ ಇನಿಶಿಯಲ್ಲು ಮಾಡುವ ಕೆಲಸವೂ ಇದೇ ಅಲ್ಲವೆ?

ಇಂಗ್ಲಿಷರ ಹೆಸರಿಗೆ ಫ್ರೆಂಚ್ ಅರ್ಥ ಹೇಗೆ ಬಂದಿತೆಂದರೆ, 1066ರಲ್ಲಿ ಫ್ರಾನ್ಸಿನ ನಾರ್ಮಂಡಿ ಪ್ರಾಂತದ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅವನೊಡನೆ ಬಂದ ಸರದಾರರು ಫ್ರೆಂಚ್ ಆಡುವವರು. ಆ ಕಾಲದ ಇಂಗ್ಲಿಷ್ ಜನಕ್ಕೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಅಡ್ಡಹೆಸರುಗಳು ಸಾಮಾನ್ಯವಾಗಿ ಇರಲಿಲ್ಲ; ನಮ್ಮ ಹಾಗೆಯೇ. ಹೊಸ ಸರದಾರರು ಮಾತ್ರ ತಾವು ಬಿಟ್ಟು ಬಂದ ಊರುಗಳ ಹೆಸರನ್ನು ಹಚ್ಚಿಕೊಂಡರು. ನೆವಿಲ್ ಎಂದರೆ ಹೊಸೂರು. ಬ್ಯೂಮಂಟ್ ಎಂದರೆ ಚೆಲುವಾದ ಗುಡ್ಡ. ಮಾರ್ಟಿಮರ್ ಎಂದರೆ ನೀರು ಹರಿಯದೆ ಸತ್ತ ಮಡು. ನಮ್ಮ ಮಕ್ಕಳಿಗೆಲ್ಲ ಪ್ರಿಯವಾದ ಡಿಸ್ನಿ ಎಂಬ ಹೆಸರು ಕೂಡ ನಾರ್ಮಂಡಿಯ ಇಸಿನ್ಯಿ ಎಂಬ ಊರಿನದು. 'ದ ಇಸಿನ್ಯಿ', ಎಂದರೆ ಇಸಿನ್ಯಿಯವರು, ಉಚ್ಚಾರದಲ್ಲಿ ಕೂಡಿಕೊಂಡು ಡಿಸ್ನಿಯಾಯಿತು. ಮುಂಬಯಿಯ ಮಾತಿನಲ್ಲಿ ಹೇಳಿದರೆ ಇಸಿನ್ಯೀಕರ್!

ಫ್ರೆಂಚಿನ ಈ 'ದ' ಎಂಬ ಅಕ್ಷರಕ್ಕೆ 'ಇಂಥಲ್ಲಿಯ', 'ಇಂಥದರ' ಎಂದು ಅರ್ಥ. ಇದನ್ನು ಮನೆಯವರಿಗೆ ಹೇಳಿದಾಗ ಅವರು ಕೂಡಲೆ, "ಹಂಗಾದ್ರ ಬೆಲ್ಲದ ಅನ್ನೂದರಾಗಿನ 'ದ' ಏನು?" ಎಂದರು. ನಿಜವೇ. ಫ್ರೆಂಚರು ಮುಂದೆ ಹಾಕುವುದನ್ನು ಕನ್ನಡಿಗರು ಹಿಂದೆ ಹಾಕಿದ್ದಾರೆ. ಬೆಲ್ಲದ, ಜೋಳದ, ಉಪ್ಪಿನ, ಹೂವಿನ. ಇವೆಲ್ಲ ಅರ್ಧಕ್ಕೆ ನಿಂತ ಮಾತುಗಳು. ಬೆಲ್ಲದ ವ್ಯಾಪಾರದವರು, ಉಪ್ಪಿನ ಅಂಗಡಿಯವರು ಎಂದು ಊರಿಗೆಲ್ಲ ಗೊತ್ತಿದ್ದುದರಿಂದ ಉಳಿದರ್ಧವನ್ನು ಹೇಳುವ ಅಗತ್ಯ ಬೀಳಲಿಲ್ಲ.

ಕಸುಬಿನ ಹೆಸರುಗಳೂ ಹೀಗೆಯೇ ಹೊಂದುತ್ತವೆ. ಇಂಗ್ಲಿಷಿನ ಸ್ಪೈಸರ್ ಎಂಬ ಹೆಸರು ಫ್ರೆಂಚಿನಿಂದ ಬಂದದ್ದು. ಸಾಂಬಾರ ಜೀನಸು ಮಾರುವವನು. ಧಾರವಾಡದ ಕಡೆ ಅವನಿಗೆ ಮೆಣಸಿನಕಾಯಿ ಎಂದು ಅಡ್ಡಹೆಸರು ಬರುತ್ತಿತ್ತು. ಬಟ್ಲರ್ ಎಂದರೆ ಸೀಸೆಗಳನ್ನು ಕಾಯುವವನು. ಮುಂಬಯಿಯ ಪಾರಸಿಗಳಲ್ಲಿ ಬಾಟ್ಲಿವಾಲಾ ಇದ್ದೇ ಇದ್ದಾರೆ. ಟೇಲರ್ ಎಂಬುದು ಬಟ್ಟೆ ಕತ್ತರಿಸುವವನಿಗೆ ಫ್ರೆಂಚರು ಹೇಳುತ್ತಿದ್ದ ಮಾತು. ನಮ್ಮ ಸುರಪುರದ ಆಡಳಿತವನ್ನು 1841ರಿಂದ 1853ರ ವರೆಗೆ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬನ ಅಡ್ಡಹೆಸರಿನ ಅರ್ಥ ಅದು. ಬೆಂಗಳೂರಿನ ರಸೆಲ್ ಮಾರ್ಕೆಟ್ಟಿಗೆ ಹೋದವರು ಎಷ್ಟೋ ಮಂದಿ. ರಸೆಲ್ ಎಂದರೆ ಫ್ರೆಂಚಿನಲ್ಲಿ ಕೆಂಚುಕೂದಲಿನವನು, ನಮ್ಮ ಕೆಂಚಪ್ಪ! ಅಧಿಕಾರದ ಹೆಸರುಗಳನ್ನು ನೋಡಿರಿ. ನಮ್ಮಲ್ಲಿ ದೇಸಾಯಿ, ದೇಶಪಾಂಡೆ, ಕುಲಕರ್ಣಿ, ಪಾಟೀಲ ಇದ್ದಂತೆ ಅವರಲ್ಲಿ ಚೇಂಬರ್ಲೇನ್ ಇದ್ದಾನೆ, ಎಂದರೆ ದೊರೆಯ ಮಲಗುವ ಮನೆಯನ್ನು ನೋಡಿಕೊಳ್ಳುವವನು. 1937ರಿಂದ 1940ರ ವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ನೆವಿಲ್ ಚೇಂಬರ್ಲೇನನ ಹೆಸರನ್ನು ಕನ್ನಡಕ್ಕೆ ಇಳಿಸಿದರೆ ಹೊಸೂರಪ್ಪ ಮಲಗುಮನೆ ಎಂದಾಗುತ್ತದೆ. ಪಾಪ, ಆತನಿಗೆ ಇದು ತಿಳಿಯದೆ ಇದ್ದುದೇ ಒಳ್ಳೆಯದಾಯಿತು.

ಈ ನೆವಿಲ್ ನಮ್ಮ ಮುಂಬಯಿಗೂ ಬಂದಿದ್ದಾನೆ. ಬಾಂಬೆ ಡೈಯಿಂಗ್ ಗಿರಣಿಯ ನೆವಿಲ್ ವಾಡಿಯಾ (1911–1996) ಅವರ ಹೆಸರು ಎಲ್ಲರೂ ಕೇಳಿದ್ದು. ವಾಡಿಯಾ ಎಂಬುದು ಹಡಗು ಕಟ್ಟುವ ಕಸುಬಿನಿಂದ ಬಂದ ಅಡ್ಡಹೆಸರು. ನಾರ್ಮಂಡಿಯ ಒಂದು ಹಳ್ಳಿಯ ಹೆಸರು ಸರದಾರನ ಅಡ್ಡಹೆಸರಾಗಿ, ಆಮೇಲೆ ಇಂಗ್ಲಿಷರಲ್ಲಿ ತೊಟ್ಟಿಲ ಹೆಸರಾಗಿ, ಕಡಲು ದಾಟಿ ಬಂದು ಸೂರತಿನಿಂದ ಬಂದ ಹಡಗಿನ ಮನೆತನದ ಮುಂದೆ ಕುಳಿತಿತು. ಹೆಸರುಗಳಿಗೆ ಕಾಲಿದೆ ಎಂದು ನಾವು ಹೇಳುವುದು ಇದಕ್ಕೇ.

ಆದರೆ ನಡೆದು ನಡೆದು ಕಾಲು ಸವೆಯುವಂತೆ ಹೆಸರೂ ಸವೆಯುತ್ತದೆ. ಫ್ರೆಂಚಿನ 'ಬೋಶಾಂ', ಎಂದರೆ ಚೆಲುವಾದ ಹೊಲ. ಇಂಗ್ಲಿಷರು ಬರೆಯುವುದನ್ನು ಹಾಗೆಯೇ ಬರೆದರು, ಓದುವುದನ್ನು ಮಾತ್ರ 'ಬೀಚಂ' ಎಂದು ಓದಿದರು. 'ಸೇಂಟ್ ಜಾನ್' ಎಂಬ ಹೆಸರನ್ನು 'ಸಿಂಜನ್' ಎಂದರು. 'ಸೇಂಟ್ ಕ್ಲೇರ್' ಸಿಂಕ್ಲೇರ್ ಆಯಿತು. ಬೀಚಂ ಎಂಬ ಮನೆತನದವನಿಗೆ ತನ್ನ ಹೆಸರಿನಲ್ಲಿ ಒಂದು ಹೊಲವಿದೆ ಎಂಬುದು ಮರೆತೇಹೋಯಿತು.

ಇದನ್ನು ಓದಿ ಇಂಗ್ಲಿಷರನ್ನು ನಗುವ ಮೊದಲು ನಾವಿರುವ ಸ್ಥಳವನ್ನು ನೋಡಿಕೊಳ್ಳೋಣ. ನಮ್ಮ ರೈಲು ನಿಲ್ದಾಣದ ಫಲಕದಲ್ಲಿ ಇಂಗ್ಲಿಷಿನಲ್ಲಿ ಸಯನ್ ಎಂದಿದೆ. ಮರಾಠಿಯಲ್ಲಿ ಶೀವ ಎಂದಿದೆ. ಶೀವ ಎಂದರೆ ಗಡಿ. ನಮ್ಮ 'ಸೀಮೆ' ಎಂಬ ಮಾತಿನ ಒಡಹುಟ್ಟು. ಮುಂಬಯಿ ದ್ವೀಪ ಮುಗಿದು ಸಾಷ್ಟಿ ದ್ವೀಪದ ಕಡೆಗೆ ದಾಟುವ ಎಲ್ಲೆ ಇದಾಗಿದ್ದಿತು. ದಿನವೂ ಸಯನ್ನಿನಲ್ಲಿ ಇಳಿದು ಹತ್ತುವ ಸಾವಿರಾರು ಜನರಲ್ಲಿ ತಾವು ಒಂದು ಗಡಿಯಲ್ಲಿ ನಿಂತಿದ್ದೇವೆಂದು ಎಷ್ಟು ಜನಕ್ಕೆ ಗೊತ್ತು?

ಕನ್ನಡದ ಊರುಗಳೂ ಇಲ್ಲಿಗೆ ಬಂದು ವೇಷ ಬದಲಾಯಿಸಿವೆ. ಕುಂದಗೋಳದ ರಾಮಭಾವು ಅವರು (1886–1952) ಸವಾಯಿ ಗಂಧರ್ವರೆಂದು ಪ್ರಸಿದ್ಧರಾದರು; ಅವರ ಅಡ್ಡಹೆಸರು ಮರಾಠಿಯ ರೀತಿಯಲ್ಲಿ ಕುಂದಗೋಳಕರ. 1939ರ ಪ್ರಭಾತ ಕಂಪನಿಯ ಚಿತ್ರ 'ಮಾಣೂಸ್'ನಲ್ಲಿ ನಟಿಸಿದ ಶಾಂತಾ ಅವರು ಹುಬಳೀಕರರಾದರು. ಕುಂದಗೋಳಕರರ ಶಿಷ್ಯೆ ಗಂಗೂಬಾಯಿಯವರು (1913–2009) ಮಾತ್ರ 'ಕರ' ಎಂಬ ಬಾಲವಿಲ್ಲದೆ ಬರಿಯ ಹಾನಗಲ್ಲರಾಗಿಯೇ ಉಳಿದರು. ಮಲ್ಲಿಕಾರ್ಜುನರು (1910–1992) ಬರಿಯ ಮನಸೂರರಾಗಿಯೇ ಉಳಿದರು. ಮೂವರೂ ದೇಶವೆಲ್ಲ ತಿರುಗಿದವರು. ಆದರೆ ಅವರು ಹಾಡಿದ ಕಡೆಯಲ್ಲೆಲ್ಲ ಕನ್ನಡದ ಒಂದು ಸಣ್ಣ ಊರಿನ ಹೆಸರೂ ಹಿಂದಿನಿಂದ ಹೋಗಿ ಕುಳಿತು ಕೇಳಿ ಬಂದಿತು. ಇದು ಸಣ್ಣ ಲಾಭವಲ್ಲ.

ನಮ್ಮ ತುಳುನಾಡಿನ ಬಂಧುಗಳ ಕತೆ ಇನ್ನೂ ಸ್ವಾರಸ್ಯವಾದದ್ದು. ಬಂಗೇರ, ಸಾಲ್ಯಾನ್, ಕೋಟ್ಯಾನ್, ಕರ್ಕೇರ, ಸುವರ್ಣ ಮುಂತಾದುವು ಊರಿನವೂ ಅಲ್ಲ, ಕಸುಬಿನವೂ ಅಲ್ಲ. ತುಳುವಿನಲ್ಲಿ ಬರಿ ಎಂದು ಕರೆಯುವ ಕುಲದ ಹೆಸರುಗಳು. ಅಳಿಯಸಂತಾನದ ಪದ್ಧತಿಯಂತೆ ಬರಿ ಬರುವುದು ತಾಯಿಯಿಂದ. ಮುಂಬಯಿಯ ಅರ್ಜಿ ಅದನ್ನು ತಂದೆಯ ಅಡ್ಡಹೆಸರಿನ ಚೌಕಕ್ಕೆ ಸೇರಿಸಿ, ಎಷ್ಟೋ ಮನೆಗಳಲ್ಲಿ ಅದು ತಂದೆಯಿಂದ ಮಕ್ಕಳಿಗೆ ಇಳಿಯುವಂತೆ ಮಾಡಿತು. ಈಗ ಅದೇ ಸರ್ಕಾರ ತಾಯಿಯ ಹೆಸರಿಗೆ ಬೇರೆ ಚೌಕ ಕೊಟ್ಟಿದೆ. ತುಳುನಾಡಿನ ಅಜ್ಜಿಯರು ಇದನ್ನು ಕೇಳಿದರೆ, ಇಷ್ಟು ತಿಳಿಯಲು ಇವರಿಗೆ ಇಷ್ಟು ಕಾಲ ಬೇಕಾಯಿತೆ ಎಂದಾರು.

ಇಂಗ್ಲೆಂಡಿಗೆ ಫ್ರೆಂಚರು ಇನ್ನೊಮ್ಮೆಯೂ ಬಂದರು. ಈ ಸಲ ಗೆದ್ದವರಾಗಿ ಅಲ್ಲ. 1685ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ತನ್ನ ದೇಶದ ಪ್ರಾಟೆಸ್ಟಂಟರಿಗೆ ಇದ್ದ ರಕ್ಷಣೆಯನ್ನು ತೆಗೆದುಹಾಕಿದಾಗ, ಹ್ಯೂಗೆನಾಟರೆಂಬ ಆ ಜನ ಸಾವಿರಗಟ್ಟಲೆಯಾಗಿ ಊರು ಬಿಟ್ಟರು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಎಂಬಲ್ಲಿ ಮಗ್ಗ ಹೂಡಿ ರೇಷ್ಮೆ ನೆಯ್ದು ಹೊಟ್ಟೆ ಹೊರೆದರು. ಇವರಲ್ಲಿ ಕೆಲವರು ಹೆಸರನ್ನೇ ಭಾಷಾಂತರ ಮಾಡಿಕೊಂಡರು. 'ಲ ಬ್ಲಾಂ' ಎಂಬ ಬಿಳಿಯ 'ವೈಟ್' ಆದ. ಕೆಲವರು ಹಾಗೆಯೇ ಉಳಿಸಿಕೊಂಡರು. ನಟ ಲಾರೆನ್ಸ್ ಒಲಿವಿಯೇ (1907–1989) ಅಂಥ ಒಂದು ಮನೆತನದವನು.

ನಮಗೆ ಇದರಲ್ಲಿ ಕಂಡ ಪಾಠವಿಷ್ಟು. ಗೆದ್ದು ಬಂದವನ ಹೆಸರಿಗೆ ಊರೇ ನಾಲಗೆ ಹೊರಳಿಸಿ ಒಗ್ಗಿಕೊಳ್ಳುತ್ತದೆ. ಹೊಟ್ಟೆಪಾಡಿಗೆ ಬಂದವನು ತನ್ನ ಹೆಸರನ್ನು ಊರಿನ ನಾಲಗೆಗೆ ಒಗ್ಗಿಸಬೇಕಾಗುತ್ತದೆ. ಮುಂಬಯಿಗೆ ಬಂದ ಕನ್ನಡಿಗರು ಎರಡನೆಯ ಜಾತಿಯವರು. ಹೋಟೆಲಿಗೆ, ಗಿರಣಿಗೆ, ಕಚೇರಿಗೆ ಬಂದವರು. ನಮ್ಮ ಹೆಸರನ್ನು ಬರೆದುಕೊಳ್ಳುವವನು ಕಿಟಕಿಯ ಒಳಗೆ ಕುಳಿತಿರುತ್ತಾನೆ. ನಾವು ಹೊರಗೆ ನಿಂತಿರುತ್ತೇವೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹಗಲೆಲ್ಲ ಕಿಟಕಿಯ ಒಳಗೆ ಕೂಡುವವರೂ ನಾವೇ. ಕೆಲವು ವರ್ಷಗಳ ಹಿಂದೆ ನಮ್ಮ ಮೇಜಿಗೆ ಒಬ್ಬ ವಯಸ್ಸಾದ ಹೆಂಗಸು ಬಂದರು, ಬಾಗಲಕೋಟೆಯ ಕಡೆಯವರು. ಗಂಡ ತೀರಿಕೊಂಡಿದ್ದರು, ಕುಟುಂಬ ಪಿಂಚಣಿ ಬರಬೇಕಾಗಿದ್ದಿತು. ಗಂಡನ ಹೆಸರು ಸೇವಾಪುಸ್ತಕದಲ್ಲಿ ಒಂದು, ಮರಣದ ದಾಖಲೆಯಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು. ಒಂದರಲ್ಲಿ ಅಡ್ಡಹೆಸರು, ಒಂದರಲ್ಲಿ ಊರು, ಇನ್ನೊಂದರಲ್ಲಿ ಊರಿಗೆ 'ಕರ'. ಹೆಸರು ಹೊಂದುವುದಿಲ್ಲವೆಂದು ನಾವು ಮೂರು ಸಲ ಕಾಗದ ಹಿಂದಕ್ಕೆ ಕೊಟ್ಟೆವು. ಮೂರನೆಯ ಸಲ ಅವರು ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟು, "ತಮ್ಮಾ, ಸತ್ತಾವ ಒಬ್ಬನ ಅದಾನ. ಮೂರು ಮಂದಿ ಮಾಡಿದವರು ನೀವು. ಮೂವರೊಳಗ ಯಾರ ಹೇಣ್ತಿ ಅಂತ ಬರಸ್ಲಿ?" ಎಂದರು.

ನಿಯಮದ ಪ್ರಕಾರ ನಾವು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮೂರು ಹೆಸರೂ ಒಬ್ಬನವೇ ಎಂದು ಪ್ರಮಾಣಪತ್ರ ಮಾಡಿಸಿ ತಂದರೆ ಸಾಕಾಗುತ್ತಿತ್ತು. ಈ ಮಾತನ್ನು ಮೊದಲನೆಯ ದಿನವೇ, ಅವರ ಭಾಷೆಯಲ್ಲಿಯೇ ನಾವು ಹೇಳಬಹುದಾಗಿತ್ತು. ಹೇಳಲಿಲ್ಲ. ಅವರು ಕನ್ನಡದವರೆಂದು ತಿಳಿದೂ ಸರ್ಕಾರಿ ಮರಾಠಿಯಲ್ಲಿ 'ಹೊಂದುವುದಿಲ್ಲ' ಎಂದಷ್ಟೇ ಹೇಳಿ ಮುಂದಿನವರನ್ನು ಕರೆದೆವು. ಕೊನೆಗೆ ಪಿಂಚಣಿ ಬಂದಿತು, ತಿಂಗಳುಗಳು ತಡವಾಗಿ. ನಮ್ಮ ಮಗನ ಅರ್ಜಿಯ ಖಾಲಿ ಚೌಕವನ್ನು ನೋಡುವಾಗ ಆ ಕಟ್ಟೆಯ ಮೇಲಿನ ಕೈ ಕಣ್ಣಿಗೆ ಕಟ್ಟುತ್ತದೆ. ಅದಕ್ಕಾಗಿಯೇ ಈ ಸಲದ ಬರಹ.

ನಮ್ಮ ಮೊದಲ ವಿಚಾರ ನಮ್ಮ ತಂದೆಯವರ ಹೆಸರನ್ನು ಅಡ್ಡಹೆಸರಾಗಿ ಬರೆಯುವುದಾಗಿದ್ದಿತು. ಮುಂಬಯಿಯಲ್ಲಿ ನಮ್ಮ ಕಡೆಯ ಎಷ್ಟೋ ಜನ ಹಾಗೆ ಮಾಡ್ದಿದಾರೆ. ಹಿರಿಯರ ಹೆಸರು ನಿಲ್ಲಿಸಿದಂತಾಯಿತೆಂದು ನಮಗೂ ಸಂತೋಷ. ಊರಿಗೆ ಫೋನು ಮಾಡಿ ತಿಳಿಸಿದೆವು. ಅವರಿಗೂ ಸಂತೋಷವಾದೀತೆಂದು ತಿಳಿದಿದ್ದರೆ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನನ್ನ ಹೆಸರು ನಾನಿರೋವರೆಗೆ ಸಾಕು ಕಣಪ್ಪ. ಅದನ್ನ ಬಾಲಕ್ಕೆ ಕಟ್ಕೊಂಡ್ರೆ ನಿನ್ನ ಮೊಮ್ಮಕ್ಕಳು ಇವನ್ಯಾರು ಅಂತ ಕೇಳ್ತಾರೆ. ಊರಾದ್ರೆ ಹಾಗಲ್ಲ. ಬಸ್ಸು ಹತ್ತಿ ಬಂದು ನೋಡಬಹುದು."

ಇದಕ್ಕೆ ನಾವು ಏನು ಹೇಳುವುದು? ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಮೋಕ್ಷಗುಂಡಂ ಎಂಬುದು ಪೂರ್ವಿಕರು ಬಿಟ್ಟು ಬಂದ ಆಂಧ್ರದ ಊರು. ಅವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಬಂದು ಸೇರಿದಾಗಲೂ ಆ ಊರು ಒಂದು 'ಎಂ' ಅಕ್ಷರವಾಗಿ ಅವರೊಡನೆ ಬಂದಿತು, ಕೊನೆಯವರೆಗೂ ಇದ್ದಿತು. ಎಷ್ಟೋ ತಲೆಮಾರಿನ ಹಿಂದೆ ಬಿಟ್ಟ ಊರನ್ನು ಅವರು ಹೊತ್ತಿರುವಾಗ, ಹದಿನೈದು ವರ್ಷದ ಹಿಂದೆ ಬಿಟ್ಟ ಊರನ್ನು ನಾವು ಇಳಿಸಿಬಿಡುವುದೆ? ಅಲ್ಲದೆ ಊರಿನ ಹೆಸರಿನಲ್ಲಿ ಇನ್ನೊಂದು ಗುಣವಿದೆ. ಅಡ್ಡಹೆಸರು ಕೇಳಿ ಜಾತಿಯನ್ನು ಅಳೆಯುವ ಜನಕ್ಕೆ ಅದು ಏನನ್ನೂ ಹೇಳುವುದಿಲ್ಲ. ಒಂದು ಊರಿನ ಕೆರೆಯ ನೀರನ್ನು ಎಲ್ಲರೂ ಕುಡಿದಿರುತ್ತಾರೆ.

ತುರುವೇಕೆರೆ ಎಂಬುದಕ್ಕೆ ನಮ್ಮಲ್ಲಿ ಹಿರಿಯರು ಹೇಳುವ ಅರ್ಥವೂ ಅದೇ: ತುರು ಎಂದರೆ ದನ, ದನಗಳು ನೀರು ಕುಡಿಯುವ ಕೆರೆ. ಮಾರ್ಟಿಮರ್ ಸರದಾರರು ಸತ್ತ ಮಡುವನ್ನು ಹೆಸರಿಗೆ ಕಟ್ಟಿಕೊಂಡು ಇಷ್ಟು ಶತಮಾನ ಮೆರೆದರಲ್ಲ, ನಮ್ಮದು ಜೀವಂತ ಕೆರೆ. ಹೀಗಾಗಿ ನಾಲ್ಕನೆಯ ಚೌಕದಲ್ಲಿ ತುರುವೇಕೆರೆ ಎಂದು ಬರೆದೆವು. ಇಂಗ್ಲಿಷಿನಲ್ಲಿ ಹತ್ತು ಅಕ್ಷರ, ಚೌಕದಲ್ಲಿ ಹಿಡಿಸಿತು. ಎರಡನೆಯ ಚೌಕದಲ್ಲಿ ತಾಯಿಯ ಹೆಸರಿದೆ. ಬೆಲ್ಲಕ್ಕೆ ಚೌಕ ಸಿಗಲಿಲ್ಲವೆಂದು ಮನೆಯವರು ಆಕ್ಷೇಪಿಸಿದರು. ಅಂದೇ ಸಂಜೆ ಒಂದು ಅಚ್ಚು ಬೆಲ್ಲ ತಂದುಕೊಟ್ಟು ರಾಜಿಯಾದೆವು. ಮಗಳ ಮೂರು ಕಾಗದಗಳನ್ನೂ ಇದಕ್ಕೆ ಸರಿಹೊಂದಿಸುವ ಓಡಾಟ ಈಗ ನಡೆದಿದೆ. ಅದಕ್ಕೆ ಬಿದ್ದ ರಜೆಗಳನ್ನು ಎಣಿಸಬಾರದೆಂದು ನಿಶ್ಚಯ ಮಾಡಿದ್ದೇವೆ.

ವಾಚಕರಿಗೆ ಉಪಯೋಗವಾದೀತೆಂದು ಕೆಲವು ಮಾತು. ಮಗುವಿನ ಹೆಸರನ್ನು ಜನನದ ದಾಖಲೆಯಲ್ಲಿ ಸೇರಿಸಲು ನೋಂದಣಿಯಾದ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲ. ಆಮೇಲೆ ತಡದ ಶುಲ್ಕ ಕೊಟ್ಟು ಹದಿನೈದು ವರ್ಷದ ವರೆಗೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟು ಮೊದಲಾದ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಆಧಾರ ಜನನ ಪ್ರಮಾಣಪತ್ರವೇ. ಆದ್ದರಿಂದ ಅಲ್ಲಿ ಬರೆಸುವ ಮೊದಲೇ ಮನೆಯವರೆಲ್ಲ ಕುಳಿತು ಒಂದು ತೀರ್ಮಾನಕ್ಕೆ ಬನ್ನಿರಿ. ಅಣ್ಣತಂಗಿಯರಿಗೆ ಒಂದೇ ರೀತಿ ಇರಲಿ, ಅಕ್ಷರಗಳೂ ಎಲ್ಲ ಕಡೆ ಒಂದೇ ಇರಲಿ. ಹಿರಿಯರ ಕಾಗದಗಳಲ್ಲಿ ಹೆಸರು ಬೇರೆ ಬೇರೆಯಾಗಿದ್ದರೆ ಅವರು ಇರುವಾಗಲೇ ಪ್ರಮಾಣಪತ್ರ ಮಾಡಿಸಿಡಿರಿ. ಹೆಸರನ್ನೇ ಬದಲಾಯಿಸುವುದಿದ್ದರೆ ರಾಜ್ಯದ ಗೆಜೆಟ್ಟಿನಲ್ಲಿ ಪ್ರಕಟಿಸಿಕೊಳ್ಳಿರಿ. ಪರದೇಶಕ್ಕೆ ಹೋಗುವ ಮಕ್ಕಳ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು ಖಾಲಿ ಬಿಡಬೇಡಿರಿ. ಅಮೆರಿಕದ ವೀಸಾದಲ್ಲಿ ಅಂಥವರ ಇದ್ದೊಂದು ಹೆಸರನ್ನೇ ಅಡ್ಡಹೆಸರು ಮಾಡಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್ಎನ್‌ಯು', ಎಂದರೆ 'ಹೆಸರು ತಿಳಿಯದು', ಎಂದು ಬರೆಯುತ್ತಾರೆ. ಹೆತ್ತವರು ಪ್ರೀತಿಯಿಂದ ಇಟ್ಟ ಹೆಸರಿಗೆ ಆ ಗತಿ ಬರಬಾರದು.

ಇವೆಲ್ಲ ಕಾಗದದ ಮಾತಾಯಿತು. ಕಾಗದಕ್ಕೆ ಹೆಸರಿನ ಅಕ್ಷರ ಸಾಕು, ಅರ್ಥ ಬೇಡ. ಅರ್ಥವನ್ನು ಉಳಿಸುವ ಚೌಕ ಯಾವ ಅರ್ಜಿಯಲ್ಲಿಯೂ ಇಲ್ಲ. ಅದನ್ನು ಮನೆಯವರೇ ಬಾಯಿಂದ ಬಾಯಿಗೆ ಹೇಳಬೇಕು. ಬೀಚಂ ಮನೆತನದಲ್ಲಿ ಯಾವುದೋ ಒಂದು ತಲೆಮಾರಿನ ತಂದೆ ಮಗನಿಗೆ ಹೊಲದ ಮಾತನ್ನು ಹೇಳುವುದನ್ನು ಮರೆತಿರಬೇಕು. ಅಷ್ಟರಿಂದಲೇ ಹೊಲ ಹೋಯಿತು.

ನಮ್ಮ ಮಗಳಿಗೆ ಕೆರೆಯ ಅರ್ಥ ಹೇಳಿದ್ದೇವೆ. ಅವಳು, "ಅಪ್ಪಾ, ಈಗಲೂ ದನ ಬರ್ತಾವಾ?" ಎಂದು ಕೇಳಿದಳು. ಅದಕ್ಕೆ ಉತ್ತರ ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿ ನೋಡಿಯೇ ಹೇಳಬೇಕಾಗಿದೆ.

ವಾಚಕರಲ್ಲಿ ಒಂದು ವಿನಂತಿ. ತಮ್ಮ ಮನೆಯ ಅಡ್ಡಹೆಸರು ಅಥವಾ ಇನಿಶಿಯಲ್ಲಿನ ಅರ್ಥವನ್ನು ಹಿರಿಯರಿಂದ ಕೇಳಿ, ಯಾವ ಊರು, ಯಾವ ತಾಲ್ಲೂಕು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಸಂಘದ ಕಚೇರಿಗೆ ಕಳುಹಿಸಬೇಕು. ಒಳ್ಳೆಯವನ್ನು ಆರಿಸಿ ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ. ಒಗಟುಗಳು ಅದರ ಮುಂದಿನ ಸಲ. ಈ ಮಾತನ್ನಂತೂ ನಡೆಸುತ್ತೇವೆ.